ಬಸಿಯುವ ಹೊತ್ತು

"ಈ ನೀರಿಗೆ ಇವತ್ತು ಏನಾಗಿದೆ?"

ಪ್ರಶ್ನೆ ಒಲೆಯ ಮುಂದಿನಿಂದ ಎದ್ದು, ಅಡುಗೆಮನೆಯ ಬಾಗಿಲು ದಾಟಿ, ನಡುಕೋಣೆಯ ಸೋಫಾದ ಮೇಲೆ ಒಂದು ಗಳಿಗೆ ಕೂತು, ಯಾರೂ ಮಾತಾಡಿಸದ್ದರಿಂದ ತಾನಾಗಿ ಎದ್ದು ಹೋಯಿತು. ಆ ಮನೆಯಲ್ಲಿ ಅದಕ್ಕೆ ಉತ್ತರ ಕೊಡುವ ಪದ್ಧತಿ ಇರಲಿಲ್ಲ. ಅಪ್ಪ ಕೇಳಿದ್ದು ಹೆಂಡತಿಯನ್ನಲ್ಲ, ಮಗಳನ್ನಲ್ಲ, ನೀರನ್ನಂತೂ ಅಲ್ಲವೇ ಅಲ್ಲ. ಮಗಳು ಇನ್ನೂ ಫ್ರಾಕು ತೊಡುತ್ತಿದ್ದ ಕಾಲದಲ್ಲಿ ಒಮ್ಮೆ, "ಮುಚ್ಚಳ ಮುಚ್ಚಿದ್ರೆ ಬೇಗ ಕುದಿಯುತ್ತೆ ಅಪ್ಪ" ಎಂದುಬಿಟ್ಟಿದ್ದಳು. ಅಂದು ಊಟಕ್ಕೆ ಮೊದಲು ಉಪದೇಶವನ್ನೇ ಹೊಟ್ಟೆ ತುಂಬ ಬಡಿಸಿದ್ದರು.

ವಾರದ ಉಳಿದ ದಿನಗಳಲ್ಲಿ ಅಡುಗೆಮನೆ ಯಾವ ದಿಕ್ಕಿಗಿದೆ ಎಂಬುದೇ ಅಪ್ಪನಿಗೆ ಗೊತ್ತಿರಲಿಲ್ಲ. ನೀರು ಬೇಕಾದರೆ ಕೂತಲ್ಲಿಂದಲೇ ಕೆಮ್ಮುತ್ತಿದ್ದರು. ಕೆಮ್ಮಿಗೆ ಲೋಟ ಬರುತ್ತಿತ್ತು. ಭಾನುವಾರ ಮಾತ್ರ, ಅಂಗಿಯ ತೋಳು ಮೊಣಕೈವರೆಗೆ ಮಡಚಿ, ಕೈಗಡಿಯಾರ ಬಿಚ್ಚಿ ಕಪಾಟಿನ ಮೇಲಿಟ್ಟು, ಸ್ಪಗೆಟ್ಟಿ ಮಾಡಲೆಂದು ಒಳಹೊಕ್ಕರೆ, ಹೊಕ್ಕವರು ಅಪ್ಪನಲ್ಲ, ಅವತಾರ. ಅಂದು ಅಡುಗೆಮನೆಯಲ್ಲಿ ಸೊಳ್ಳೆಯೂ ಕೇಳಿಕೊಂಡೇ ಹಾರಬೇಕು.

ತೂಕ-ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರಾಗಿ ನಿವೃತ್ತರಾದವರು ಅವರು. ಪೇಟೆಯ ಅಂಗಡಿಯವರು ಬೆನ್ನ ಹಿಂದೆ 'ತಕ್ಕಡಿ' ಎಂದೂ ಎದುರಿಗೆ ಬಂದಾಗ 'ತಕ್ಕಡಿ ಸಾಹೇಬರು' ಎಂದೂ ಕರೆಯುತ್ತಿದ್ದರು. ಎರಡನೆಯದನ್ನು ಅವರು ಗೌರವವೆಂದೇ ತಿಳಿದಿದ್ದರು. ಇಡೀ ಪೇಟೆಯ ತೂಕದ ಬಟ್ಟುಗಳನ್ನು ತಿರುಗಿಸಿ ಅಡಿ ನೋಡಿದ ಕಣ್ಣು, ನಿವೃತ್ತಿಯಾದ ಮೇಲೆ ನೋಡಲು ಏನೂ ಸಿಗದೆ ಪಾತ್ರೆಯ ತಳ ನೋಡುತ್ತಿತ್ತು.

ಪಾತ್ರೆ ದೊಡ್ಡದಿರಬೇಕು, ಮಗುವನ್ನು ಕೂರಿಸಿ ಮೀಯಿಸುವಷ್ಟು ದೊಡ್ಡದು. ಒಲೆಯ ನಾಲ್ಕು ಬಾಯಲ್ಲಿ ಎರಡು ಬಾಯಿ ಅದರ ಹೊಟ್ಟೆಯಡಿಯಲ್ಲೇ ಅಡಗಿಹೋಗುತ್ತಿದ್ದವು. ಕುದಿಯುವ ಮೊದಲು ಉಪ್ಪು ಹಾಕುವವನು ಮೂರ್ಖ. ನೀರಿಗೆ ಎಣ್ಣೆ ಬಿಡುವವನು ಮಹಾಮೂರ್ಖ. ಎಳೆಯನ್ನು ಮುರಿದು ಹಾಕುವವನು ಇದ್ದಾನಲ್ಲ, ಅವನಿಗೆ ಅಪ್ಪನ ಬಳಿ ಶಬ್ದವಿರಲಿಲ್ಲ. ಸುಮ್ಮನೆ ಕಣ್ಣು ಮುಚ್ಚಿಕೊಳ್ಳುತ್ತಿದ್ದರು, ರಸ್ತೆಯಲ್ಲಿ ಹೆಣ ಕಂಡವರ ಹಾಗೆ.

"ಎಳೆ ತಾನಾಗೇ ಬಗ್ಗಬೇಕು. ನಾವು ಮುರೀಬಾರದು. ಮರ್ಯಾದೆ ಕೊಟ್ರೆ ಅದೂ ಮರ್ಯಾದೆ ಕೊಡುತ್ತೆ" ಎನ್ನುತ್ತಿದ್ದರು. ಹೆಂಡತಿಗೆ ಅಷ್ಟು ಮರ್ಯಾದೆ ಸಿಕ್ಕಿದ್ದನ್ನು ಮಗಳು ಕಂಡಿರಲಿಲ್ಲ.

ಪೊಟ್ಟಣದ ಮೇಲೆ ಅಚ್ಚು ಹಾಕಿದ ಸಮಯಕ್ಕೆ ಅವರಲ್ಲಿ ಕವಡೆ ಕಿಮ್ಮತ್ತಿರಲಿಲ್ಲ. "ಬರೆದವನಿಗೆ ಹಲ್ಲಿದ್ಯಾ? ಹಲ್ಲು ಹೇಳಬೇಕು, ಕಾಗದ ಅಲ್ಲ." ಆಗಾಗ ಫೋರ್ಕಿನಿಂದ ಒಂದು ಎಳೆ ಎತ್ತಿ, ಉಫ್ ಎಂದು ಊದಿ, ಕಚ್ಚಿ, ಚಾವಣಿ ನೋಡುತ್ತ ನಿಲ್ಲುತ್ತಿದ್ದರು. ಎಳೆಯ ನಡುವೆ ಕೂದಲಷ್ಟು ಜೀವ ಉಳಿದಿರಬೇಕಂತೆ. ಅದು ಹಲ್ಲಿಗೆ ಮಾತ್ರ ತಿಳಿಯುವ ರಹಸ್ಯವಂತೆ. ಮಗಳು ಸೋಫಾದ ಮೂಲೆಯಲ್ಲಿ ಕೂತು ಅದನ್ನು ನೋಡುತ್ತಿದ್ದಳು. ಅವಳಿಗೆ ಕೆಲಸ ದಂತವೈದ್ಯರಿಗೆ ಕಟ್ಟುಹಲ್ಲು ಮಾಡಿಕೊಡುವ ಲ್ಯಾಬಿನಲ್ಲಿ. ಅಪ್ಪನ ಬಾಯಿಯ ಮೇಲಿನ ಸಾಲು, ಕೆಳಗಿನ ಸಾಲು, ನಡುವಿನ ಗುಲಾಬಿ ವಸಡು, ಎಲ್ಲವೂ ಅವಳದೇ ಕೈಕೆಲಸ. ಹಾಕಿದ ಹೊಸದರಲ್ಲಿ ಎಳೆ ಮೊದಲಿನ ಹಾಗೆ ಹಲ್ಲಿಗೆ ಸಿಗುತ್ತಿಲ್ಲವೆಂದು ದೂರು ತಂದಿದ್ದರು. ಅವಳು ಉಜ್ಜಿ, ತಿದ್ದಿ, ಕೂರಿಸಿದಳು. ಮತ್ತೆ ದೂರು. ಮತ್ತೆ ತಿದ್ದಿದಳು. ಮತ್ತೂ ದೂರು. ಕೊನೆಗೊಮ್ಮೆ ಒಯ್ದು ಏನನ್ನೂ ಮುಟ್ಟದೆ, ಬರೀ ತೊಳೆದು ತಂದುಕೊಟ್ಟಳು.

"ಈಗ ನೋಡು! ಇದಕ್ಕೆ ಅನ್ನೋದು ಹಲ್ಲು!" ಎಂದಿದ್ದರು ಅಪ್ಪ.

ಇಷ್ಟಾದರೂ ಸಹಿಸಬಹುದಿತ್ತು. ಗಂಡಸರ ಹುಚ್ಚಿಗೆ ವಾರಕ್ಕೊಂದು ದಿನ ಮೀಸಲಿಟ್ಟರೆ ಉಳಿದ ದಿನ ಮನೆ ನೆಮ್ಮದಿಯಾಗಿರುತ್ತದೆ ಎಂದು ಎಷ್ಟೋ ಮನೆಗಳು ನಡೆಯುತ್ತವೆ. ಕಷ್ಟವಿದ್ದದ್ದು ಬಸಿಯುವ ಹೊತ್ತಿನಲ್ಲಿ.

ಸ್ಪಗೆಟ್ಟಿ ಬೆಂದಿತು ಎಂದು ಹಲ್ಲು ಸಾರಿದ ಕ್ಷಣ ಅಪ್ಪ, "ಬುಟ್ಟಿ!" ಎಂದು ಕೂಗುತ್ತಿದ್ದರು. ಆ ಕೂಗಿಗೆ ಅಮ್ಮ ಎದ್ದು, ತೂತಿನ ಬುಟ್ಟಿಯ ಎರಡು ಕಿವಿ ಹಿಡಿದು, ಸಿಂಕಿನ ಮೇಲೆ ಗಾಳಿಯಲ್ಲಿ ಎತ್ತಿ ನಿಲ್ಲಬೇಕು. ಅಪ್ಪ ಮೇಲಿನಿಂದ ಕುದಿವ ನೀರಿನ ಸಮೇತ ಪಾತ್ರೆ ಬಗ್ಗಿಸುತ್ತಿದ್ದರು. ಹಬೆ ಅಮ್ಮನ ಮುಖ ನುಂಗುತ್ತಿತ್ತು, ಕನ್ನಡಕ ಕುರುಡಾಗುತ್ತಿತ್ತು, ಬುಟ್ಟಿ ಭಾರವಾಗಿ ಕೈ ತಗ್ಗಿದರೆ, "ಎತ್ತು, ಎತ್ತು, ತಾಗುತ್ತೆ!" ಎಂಬ ಗದರಿಕೆ. ಬುಟ್ಟಿಗೆ ಅಡಿಯಲ್ಲಿ ಗಟ್ಟಿಮುಟ್ಟಾದ ಕಾಲುಗಳಿದ್ದವು. ಸಿಂಕಿನಲ್ಲಿಟ್ಟರೆ ಸೈನಿಕನ ಹಾಗೆ ನಿಲ್ಲುತ್ತಿತ್ತು. ಆದರೆ ಇಡುವಂತಿಲ್ಲ, ಹಿಡಿಯಬೇಕು. ಅಮ್ಮನ ಎರಡೂ ಮಣಿಕಟ್ಟಿನ ಒಳಗೆ ತಿಳಿಗೆಂಪು ಕಲೆಗಳು ಒಂದರ ಮೇಲೊಂದು ಹಬ್ಬಿ, ದೂರದಿಂದ ನೋಡಿದರೆ ಬಳೆ ತೊಟ್ಟಂತೆ ಕಾಣುತ್ತಿದ್ದವು.

ಊಟಕ್ಕೆ ಕೂತ ಮೇಲೆ ಫೋರ್ಕು ಮಾತ್ರ. ಚಮಚ ಮಕ್ಕಳಿಗೆ, ಚಾಕು ಕಟುಕರಿಗೆ. ಮಾತಾಡುವಂತಿಲ್ಲ. ಮೊದಲ ತುತ್ತಿನ ಮೇಲೆ ಅಪ್ಪ ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದರು. ಅಮ್ಮ, "ಚೆನ್ನಾಗಿದೆ ರೀ" ಎನ್ನುತ್ತಿದ್ದಳು, "ಹಿಂದಿನ ಬಾಗಿಲು ಹಾಕಿದೀನಿ ರೀ" ಎನ್ನುವ ದನಿಯಲ್ಲೇ. ಊಟ ಮುಗಿದ ಮೇಲೆ ವೀರರು ಮಲಗಲು ಹೋಗುತ್ತಿದ್ದರು. ರಣರಂಗ ತೊಳೆಯಲು ಅಮ್ಮ ಉಳಿಯುತ್ತಿದ್ದಳು. ಟೊಮೇಟೊ ರಸ ಗೋಡೆಯ ಮೇಲೆ, ಬೆಳ್ಳುಳ್ಳಿ ಸಿಪ್ಪೆ ನೆಲದ ಮೇಲೆ, ಆನೆಯಂಥ ಪಾತ್ರೆ ಸಿಂಕಿನೊಳಗೂ ಹಿಡಿಸದೆ ಅಡ್ಡ ಮಲಗಿರುತ್ತಿತ್ತು.

ಮಗಳಿಗೆ ಇಷ್ಟವಿದ್ದದ್ದು ಎಂಥ ಸ್ಪಗೆಟ್ಟಿ ಎಂದು ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಕೇಳಿದ್ದರೆ ಅಪ್ಪನ ಹೃದಯ ನಿಲ್ಲುತ್ತಿತ್ತು. ಲಟಲಟ ಮುರಿದು, ಸಣ್ಣ ಪಾತ್ರೆಯಲ್ಲಿ ಟೊಮೇಟೊ ಜೊತೆಗೇ ಬೇಯಲು ಬಿಟ್ಟು, ಬಸಿಯದೆ, ಇದ್ದ ನೀರೆಲ್ಲ ಅದಕ್ಕೇ ಹೀರಿಕೊಂಡು ಮೆತ್ತಗಾಗಿ, ಚಮಚದಲ್ಲಿ ಬಾಯಿಗಿಟ್ಟರೆ ಹಲ್ಲಿಗೆ ಕೆಲಸವೇ ಇಲ್ಲದಂಥದ್ದು. ದಿನವಿಡೀ ಹಲ್ಲಿನ ಜೊತೆ ಏಗಿದವಳಿಗೆ ಊಟದಲ್ಲೂ ಹಲ್ಲಿನ ಸಹವಾಸ ಬೇಡವಾಗಿತ್ತು. ಅಪ್ಪ ವಾಕಿಂಗ್ ಹೋದ ಹೊತ್ತು ನೋಡಿ ಅದನ್ನು ಮಾಡಿ, ಡಬ್ಬಿಗೆ ಹಾಕಿ, ಲ್ಯಾಬಿಗೆ ಒಯ್ಯುತ್ತಿದ್ದಳು. ಕಳ್ಳಸಾಗಣೆಯವರು ಕೂಡ ಅಷ್ಟು ಭಯಪಟ್ಟಿರಲಾರರು.

ಒಮ್ಮೆ ಅಂಥ ಡಬ್ಬಿಯೊಂದಿಗೆ ಅವಳು ಲ್ಯಾಬಿನ ಕಟ್ಟಡದ ಲಿಫ್ಟಿನಲ್ಲಿ ಸಿಕ್ಕಿಕೊಂಡಿದ್ದಳು. ಎರಡು ಮಹಡಿಗಳ ನಡುವೆ ಲಿಫ್ಟು ಹಟಮಾರಿ ಎಮ್ಮೆಯ ಹಾಗೆ ನಿಂತುಬಿಟ್ಟಿತು. ರಿಪೇರಿಯವನು ಬಂದು ಮೇಲಿನಿಂದ ಬಾಗಿಲು ಮೀಟಿ, ಅರ್ಧ ತೆರೆದ ಸಂದಿಯಲ್ಲಿ ತಲೆ ಇಳಿಬಿಟ್ಟು, "ಹೆದರ್ಕೋಬೇಡಿ ಮೇಡಂ" ಎನ್ನುವ ಬದಲು, "ಏನದು, ಅಷ್ಟು ಒಳ್ಳೆ ವಾಸನೆ?" ಎಂದ. ಡಬ್ಬಿ ಮೊದಲು ಹೊರಬಂತು, ಆಮೇಲೆ ಅವಳು. ಮೆಟ್ಟಿಲ ಮೇಲೆ ಕೂತು ಇಬ್ಬರೂ ಒಂದೇ ಚಮಚದಲ್ಲಿ ಖಾಲಿ ಮಾಡಿದರು.

"ನಾನೂ ಹಿಂಗೇ ಮಾಡ್ಕೊಳ್ಳೋದು, ನನ್ನ ರೂಮಲ್ಲಿ. ಕೆಟಲ್‌ನಲ್ಲಿ."

"ಕೆಟಲ್‌ನಲ್ಲಾ? ಚಹಾ ಕಾಯಿಸೋ ಕೆಟಲ್?"

"ಒಲೆ ಇಲ್ವಲ್ಲ. ಮುರಿದು ಹಾಕಿದ್ರೆ ಎಲ್ಲಾ ಹಿಡಿಸುತ್ತೆ. ಬೆಂದಿದ್ದೆಲ್ಲ ಹೊಟ್ಟೆಗೇ ಹೋಗುತ್ತಲ್ವಾ, ಉದ್ದ ಇದ್ರೇನು, ತುಂಡಾದ್ರೇನು?"

ಇಂಥ ಮಾತು ಹೇಳುವ ಗಂಡಸು ಲೋಕದಲ್ಲಿದ್ದಾನೆ ಎಂಬುದೇ ಅವಳಿಗೆ ಹೊಸದು. ಮನಸ್ಸು ಅಲ್ಲೇ, ಮೆಟ್ಟಿಲ ಮೇಲೇ, ಕೈಜಾರಿತು. ಇವನನ್ನು ಮದುವೆಯಾದರೆ ತನ್ನದೊಂದು ಅಡುಗೆಮನೆ, ಸಣ್ಣ ಪಾತ್ರೆ, ಊಟದ ನಡುವೆ ಮಾತು, ಗದರಿಕೆಯಿಲ್ಲದ ಭಾನುವಾರ. ಅದಕ್ಕಿಂತ ಹೆಚ್ಚೇನನ್ನೂ ಅವಳು ಬೇಡಿರಲಿಲ್ಲ. ಅಪ್ಪ ಒಪ್ಪಬೇಕಿತ್ತು, ಅಷ್ಟೇ. ಒಪ್ಪದಿದ್ದರೂ ಹೋಗಬಹುದಿತ್ತು, ಆದರೆ ಅವಳು ಹೋದರೆ ಅದರ ಸಿಟ್ಟೆಲ್ಲ ಅಮ್ಮನ ಮಣಿಕಟ್ಟಿನ ಮೇಲೆ ಸುರಿಯುತ್ತದೆಂದು ಗೊತ್ತಿತ್ತು.

ಭೇಟಿಗೆ ಭಾನುವಾರವೇ ನಿಶ್ಚಯವಾಯಿತು. ಅವಳು ಅವನಿಗೆ ಪಾಠ ಹೇಳಿಕೊಟ್ಟಳು.

"ಚಮಚ ಕೇಳಬೇಡ. ಸಾಸ್ ಬಾಟಲಿ ಎಲ್ಲಿದೆ ಅನ್ನಬೇಡ. ಊಟ ಮಾಡ್ತಾ ಮಾತಾಡಬೇಡ. ಕೆಟಲ್ ವಿಷಯ ಎತ್ತಿದ್ಯೋ, ನಮ್ಮ ಕಥೆ ಮುಗೀತು."

"ಇದೇನು ಊಟಾನಾ, ಕೋರ್ಟಾ?"

"ಕೋರ್ಟಲ್ಲಿ ವಕೀಲರನ್ನಾದ್ರೂ ಇಟ್ಕೋಬಹುದು ಕಣೋ."

ಅವನು ಬಂದ, ಒಗೆದ ಅಂಗಿ, ಉಗುರಲ್ಲಿ ಗ್ರೀಸು. ಅಪ್ಪ ಅವನ ಸಂಬಳ ಕೇಳಲಿಲ್ಲ, ತಂದೆತಾಯಿ ಯಾರೆಂದು ಕೇಳಲಿಲ್ಲ. ಕುರ್ಚಿ ತೋರಿಸಿ, ಕನ್ನಡಕ ಸರಿಮಾಡಿಕೊಂಡು, ಪೇಟೆಯಲ್ಲಿ ಬಟ್ಟು ಎತ್ತಿ ಕೇಳುತ್ತಿದ್ದ ಅದೇ ದನಿಯಲ್ಲಿ ಕೇಳಿದರು:

"ನೀವು ಸ್ಪಗೆಟ್ಟಿ ಹೇಗೆ ಮಾಡ್ತೀರಿ?"

ಸುಳ್ಳು ಹೇಳಿ ಅಭ್ಯಾಸವಿಲ್ಲದ ಪ್ರಾಣಿ. "ಕೆಟಲ್‌ನಲ್ಲಿ ಸಾರ್" ಎಂದುಬಿಟ್ಟ.

ಅಮ್ಮನ ಕೈಯಲ್ಲಿದ್ದ ತಟ್ಟೆಗಳು ಒಂದಕ್ಕೊಂದು ತಾಗಿ ಸದ್ದಾಯಿತು. ಮಗಳು ಗೋಡೆ ನೋಡಿದಳು.

"ಎಳೆ ಅದರಲ್ಲಿ ಹಿಡಿಸಲ್ವಲ್ಲ?" ಎಂದರು ಅಪ್ಪ, ಬಹಳ ಮೆಲ್ಲಗೆ.

"ಮುರಿದು ಹಾಕ್ತೀನಿ ಸಾರ್. ನೀರು ಕುದಿದ ಕೂಡಲೇ ಸ್ವಿಚ್ ತಾನೇ ಆಫ್ ಆಗುತ್ತೆ. ಮತ್ತೆ ಆನ್ ಮಾಡ್ತೀನಿ. ಮತ್ತೆ ಆಫ್. ಹಂಗೇ ಅದೂ ನಾನೂ ಹಟ ಮಾಡ್ತಾ ಮಾಡ್ತಾ ಬೇಯುತ್ತೆ."

ಅಪ್ಪ ಕಣ್ಣು ಮುಚ್ಚಿಕೊಂಡರು. ಮುಗಿಯಿತು, ಎಂದುಕೊಂಡಳು ಮಗಳು. ಆದರೆ ತೆರೆದ ಕಣ್ಣಿನಲ್ಲಿ ಸಿಟ್ಟಿರಲಿಲ್ಲ. ಎಂದೂ ಕಾಣದ ಬೆಳಕಿತ್ತು. ಪಾಪಿಷ್ಠರನ್ನೇ ಹುಡುಕಿಕೊಂಡು ಹೊರಟ ಧರ್ಮೋಪದೇಶಕನಿಗೆ ಇಷ್ಟು ಶುದ್ಧವಾದ ಪಾಪಿ ಮನೆಬಾಗಿಲಿಗೇ ನಡೆದು ಬಂದರೆ ಆಗುವ ಆನಂದ ಅದು.

"ಬನ್ನಿ ಒಳಗೆ" ಎಂದರು. "ತಪ್ಪು ನಿಮ್ಮದಲ್ಲ. ಕಲಿಸೋರಿರಲಿಲ್ಲ."

ಬೇರೊಬ್ಬ ಗಂಡಸಿಗಾಗಿ ಅಡುಗೆಮನೆ ಬಾಗಿಲು ತೆರೆದದ್ದು ಅದೇ ಮೊದಲು. ಅಮ್ಮ ಮಗಳು ಹೊರಗೆ ಕೂತು ಕೇಳಿಸಿಕೊಂಡರು. ಮೊದಮೊದಲು ಅಪ್ಪನ ದನಿ ಮಾತ್ರ. ಆಮೇಲೆ ಅವನದೂ ಸೇರಿತು.

"ನೀರು ಕಮ್ಮಿ ಆದ್ರೆ ಏನಾಗುತ್ತೆ ಹೇಳಿ?"

"ಓವರ್‌ಲೋಡ್ ಆಗುತ್ತೆ ಸಾರ್. ಲಿಫ್ಟಲ್ಲಿ ಜನ ಜಾಸ್ತಿ ಆದ ಹಾಗೆ."

"ಭೇಷ್!"

"ಮುಚ್ಚಳ ಮುಚ್ಚಿದ್ರೆ ಹಬೆಗೆ ಹೊರಗೆ ಹೋಗೋಕೆ ದಾರಿ ಇಲ್ಲ. ಒತ್ತಡ ಏರುತ್ತೆ, ಉಕ್ಕುತ್ತೆ."

"ಭಲೇ! ನೋಡೇ, ಕೇಳಿಸ್ಕೊಂಡ್ಯಾ? ಇಷ್ಟು ವರ್ಷದಿಂದ ಬಡ್ಕೋತಿದೀನಿ, ಈ ಮನೇಲಿ ಯಾರಿಗಾದ್ರೂ ಹೊಳೀತಾ?"

ಅಮ್ಮ ಮಗಳ ಕಡೆ ನೋಡಿ, "ಅಳಿಯ ಅಲ್ಲ, ಮಗಳ ಗಂಡ!" ಎಂದು ಪಿಸುಗುಟ್ಟಿ ನಕ್ಕಳು. ಮಗಳೂ ನಕ್ಕಳು. ಎದೆಯ ಮೇಲಿನ ಕಲ್ಲು ಇಳಿದಿತ್ತು.

ಅಷ್ಟರಲ್ಲಿ "ಬುಟ್ಟಿ!" ಎಂಬ ಕೂಗು. ಅಮ್ಮ ಎದ್ದು ಹೋಗಿ ಹಿಡಿದಳು. ಪಾತ್ರೆ ಬಗ್ಗಿತು. ಹಬೆ ಏರಿತು. ಒಂದು ಎರಚು ಕೈಮೇಲೆ ಬಿದ್ದು ಅಮ್ಮ "ಸ್ಸ್" ಎಂದದ್ದನ್ನು ಅಪ್ಪ ಎಂದಿನಂತೆ ಕೇಳಿಸಿಕೊಳ್ಳಲಿಲ್ಲ. ಅವನು ಕೇಳಿಸಿಕೊಂಡ.

"ಅಯ್ಯೋ ಅಮ್ಮಾ! ಸಾರ್, ಬುಟ್ಟೀನ ಸಿಂಕಲ್ಲೇ ಇಟ್ಟು ಸುರೀಬಹುದಲ್ವಾ? ಕಾಲಿದೆಯಲ್ಲ ಅದಕ್ಕೆ?"

ಮಗಳು ಬಾಗಿಲಿಗೆ ಬಂದು ನಿಂತಳು. ಇಷ್ಟು ವರ್ಷ ತನ್ನ ಬಾಯಲ್ಲೇ ಉಳಿದ ಪ್ರಶ್ನೆಯನ್ನು ಬೇರೆಯವರ ಬಾಯಿಂದ ಕೇಳಿ ಕಿವಿಗೆ ಹಾಲು ಹೊಯ್ದಂತಾಗಿತ್ತು.

ಅಪ್ಪ ಬೇಸರಿಸಲಿಲ್ಲ. ಶಿಷ್ಯನ ಸಂದೇಹ ಗುರುವಿಗೆ ಹಬ್ಬ. "ಒಳ್ಳೆ ಪ್ರಶ್ನೆ. ಸಿಂಕಲ್ಲಿಟ್ರೆ ಕೆಳಗೆ ನಿಂತ ನೀರು ಮತ್ತೆ ಮೇಲೆ ಬಂದು ತಾಗುತ್ತೆ. ಎಂಜಲು ನೀರು! ಮೈಲಿಗೆ! ಎರಡನೇದು, ಇಟ್ಟ ಬುಟ್ಟಿ ಸುಮ್ನೆ ಕೂತಿರುತ್ತೆ. ಹಿಡಿದ ಬುಟ್ಟೀನ ಕುಲುಕಬಹುದು. ಕುಲುಕ್ತಾ ಕುಲುಕ್ತಾ ಎಳೆ ಎಳೇನೂ ಬಿಡಿಬಿಡಿ ಆಗುತ್ತೆ. ಮೂರನೇದು, ಬಗ್ಗಿಸೋನ ಕಣ್ಣು ಪಾತ್ರೆ ಮೇಲಿರಬೇಕು. ಬುಟ್ಟಿ ಎಲ್ಲಿದೆ ಅಂತ ನೋಡ್ತಾ ಕೂರಕ್ಕಾಗಲ್ಲ."

ಅವನು ತಲೆ ಓರೆ ಮಾಡಿ ಯೋಚಿಸಿದ. ಯಂತ್ರ ಬಿಚ್ಚಿ ಬಲ್ಲವನ ಯೋಚನೆ.

"ಹೌದಲ್ವಾ!" ಎಂದ ಅವನು. "ಕೆಳಗಿನ ನೀರು. ಅದು ನಂಗೆ ಹೊಳೀಲೇ ಇಲ್ಲ ಸಾರ್."

ಇಳಿದಿದ್ದ ಕಲ್ಲು ಮೆಲ್ಲನೆ ಹತ್ತಿ ತನ್ನ ಹಳೇ ಜಾಗದಲ್ಲಿ ಕೂತಿತು.

ಮುಂದಿನ ಭಾನುವಾರ ಕರೆಯದೆ ಬಂದ. ಅದರ ಮುಂದಿನ ಭಾನುವಾರ ಸ್ವಂತ ಏಪ್ರನ್ ತಂದ. 'ನೀವು' ಹೋಗಿ 'ನೀನು' ಬಂತು, 'ಸಾರ್' ಹೋಗಿ 'ಮಾವ' ಬಂತು. ಕೆಲವೇ ವಾರಗಳಲ್ಲಿ ಗುರುವಿಗೇ ತಿರುಮಂತ್ರ ಹೇಳತೊಡಗಿದ. ಉಪ್ಪು ಕಲ್ಲುಪ್ಪೇ ಆಗಬೇಕು, ಪುಡಿ ಉಪ್ಪು ಮೋಸ ಎಂದ. ಅಪ್ಪ ತಲೆದೂಗಿದರು. ಎಳೆಗಳನ್ನು ಪಾತ್ರೆಗೆ ಬಿಡುವಾಗ ಕೈ ತಿರುಚಿ ಬಿಟ್ಟರೆ ಹೂ ಅರಳಿದ ಹಾಗೆ ಸುತ್ತ ಹರಡುತ್ತವೆ ಎಂದು ಮಾಡಿ ತೋರಿಸಿದ. ಅಪ್ಪನ ಕಣ್ಣಲ್ಲಿ ನೀರು ಬಂತು, ಈರುಳ್ಳಿ ಹೆಚ್ಚಿರಲಿಲ್ಲ. ಇಬ್ಬರೂ ಪಾತ್ರೆಯ ಮೇಲೆ ಬಾಗಿ ನಿಂತರೆ ಬಾವಿಗೆ ಬಿದ್ದ ಬಿಂದಿಗೆ ಹುಡುಕುವವರ ಹಾಗೆ ಕಾಣುತ್ತಿದ್ದರು. ತನ್ನನ್ನು ನೋಡಲು ಬರುತ್ತಿದ್ದವನ ಬೆನ್ನನ್ನು ಮಾತ್ರ ಮಗಳು ನೋಡುತ್ತಿದ್ದಳು.

ಒಂದು ದಿನ ಲ್ಯಾಬಿನ ಮೆಟ್ಟಿಲ ಮೇಲೆ ಅವಳು ಡಬ್ಬಿ ತೆರೆದಳು. ಅವನು ಇಣುಕಿ, ಮೂಗು ಮುರಿದ.

"ಇದೇನೇ ಇದು? ಊಟಾನಾ, ಗೋಡೆಗೆ ಪೋಸ್ಟರ್ ಹಚ್ಚೋ ಅಂಟಾ?"

"ಇದನ್ನೇ ಅಲ್ವಾ ನೀನು ಚಮಚ ನೆಕ್ಕಿ ತಿಂದಿದ್ದು?"

"ಆಗ ಗೊತ್ತಿರ್ಲಿಲ್ಲ. ಗೊತ್ತಿಲ್ದೇ ತಿನ್ನೋದು ಬೇರೆ, ಗೊತ್ತಿದ್ದೂ ತಿನ್ನೋದು ಬೇರೆ. ಮಾವ ಹೇಳಿದ್ರೆ ಸುಮ್ನೆ ಅಲ್ಲ."

"ಕೆಟಲ್ ಏನಾಯ್ತು?"

"ವಾಚ್‌ಮನ್‌ಗೆ ಕೊಟ್ಟೆ. ಚಹಾ ಕಾಯಿಸ್ಕೊಳ್ಳಲಿ ಪಾಪ. ಪಾತ್ರೆ ತಗೊಂಡಿದೀನಿ, ನೋಡು ಬಾ ಒಂದಿನ. ಮಾವನದಕ್ಕಿಂತ ದೊಡ್ಡದು."

ಅವಳು ಡಬ್ಬಿ ಮುಚ್ಚಿದಳು. ಒಬ್ಬಳೇ ತಿನ್ನಲು ಹಸಿವಿರಲಿಲ್ಲ.

ಅಂದು ಸಂಜೆ ಅಮ್ಮ ಬಟ್ಟೆ ಮಡಚುತ್ತಿದ್ದಳು. ಬಲಗೈಗೆ ಪಟ್ಟಿ, ಕೀಲು ಊದಿಕೊಂಡಿತ್ತು. ಭಾರ ಎತ್ತಬಾರದು ಎಂದಿದ್ದರು ಡಾಕ್ಟರು. ಮಗಳು ಎದುರಿಗೆ ಕೂತು ದಿಂಬಿನ ಚೀಲವೊಂದನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿದಳು.

"ಏನೇ ಪುಟ್ಟಿ, ಮುಖ ಹಂಗಿದೆ? ಅಪ್ಪ ಒಪ್ಪಿದಾರೆ. ಬರೋ ಭಾನುವಾರ ಮದುವೆ ದಿನಾಂಕಾನೂ ಗೊತ್ತು ಮಾಡ್ತಾರಂತೆ."

"ಅಪ್ಪ ಒಪ್ಪಿರೋದು ಅವನನ್ನ. ನಾನು ಒಪ್ಪಿದ್ದೋನು ಎಲ್ಲಿ ಹೋದ ಅಂತ ಹುಡುಕ್ತಿದೀನಿ."

ಅಮ್ಮ ಮಡಚುವುದನ್ನು ನಿಲ್ಲಿಸಿದಳು. ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು.

"ನಿಮ್ಮಪ್ಪ ನಂಗೆ ಪರಿಚಯ ಆದಾಗ ಸ್ಪಗೆಟ್ಟಿ ಹೇಗೆ ಮಾಡ್ಕೋತಿದ್ರು ಗೊತ್ತಾ? ಹಾಲಲ್ಲಿ ಬೇಯಿಸಿ, ಸಕ್ಕರೆ ಹಾಕ್ಕೊಂಡು."

"ಯಾರು? ನಮ್ಮಪ್ಪನಾ?"

"ಹ್ಞೂ ಕಣೇ. ಬಾಡಿಗೆ ರೂಮು, ಒಂದೇ ಪಾತ್ರೆ. ಸಕ್ಕರೆ ಜಾಸ್ತಿ ಆದ್ರೆ ನಗೋರು. ಆ ನಗು ನೋಡೇ ನಾನು ಮರುಳಾಗಿದ್ದು. ನಮ್ಮಪ್ಪನ ಕೈಯಿಂದ ತಪ್ಪಿಸ್ಕೊಂಡ್ರೆ ಸಾಕಾಗಿತ್ತು ನಂಗೂ."

"ತಾತನ ಕೈಯಿಂದ?"

"ಈ ಶಾಸ್ತ್ರ ಎಲ್ಲ ಯಾರದ್ದು ಅಂದ್ಕೊಂಡೆ? ನನ್ನಪ್ಪಂದು. ಇವರು ಮನೆಗೆ ಬಂದ್ರು, 'ಹಾಲಲ್ಲಿ ಬೇಯಿಸ್ತೀನಿ' ಅಂದ್ರು. ನನ್ನಪ್ಪ ಬೈಲಿಲ್ಲ. ಒಳಗೆ ಕರ್ಕೊಂಡು ಹೋದ್ರು. ಅಷ್ಟೇ. ಹೋದೋರು ಇವರು, ಹೊರಗೆ ಬಂದೋರು ನನ್ನಪ್ಪ."

ಮಗಳ ಕೈಯಲ್ಲಿ ದಿಂಬಿನ ಚೀಲ ಹಾಗೇ ಉಳಿಯಿತು.

"ಆಗ ಬುಟ್ಟಿ?"

"ನನ್ನಮ್ಮ ಹಿಡೀತಿದ್ಳು. ಆಮೇಲೆ ನಾನು."

"ನೀನು ಒಂದು ಸಲಾನೂ ಆಗಲ್ಲ ಅನ್ನಲಿಲ್ವಾ ಅಮ್ಮ?"

"ಯಾವಾಗ ಅನ್ನೋದು? ಅಡುಗೆ ಮಾಡೋವಾಗ ಅವರು ಮಾತಾಡ್ತಿರ್ತಾರೆ. ಊಟ ಮಾಡೋವಾಗ ಯಾರೂ ಮಾತಾಡೋ ಹಾಗಿಲ್ಲ. ಪಾತ್ರೆ ತೊಳೆಯೋ ಹೊತ್ತಿಗೆ ಕೇಳೋರು ಮಲಗಿರ್ತಾರೆ." ಅಮ್ಮ ನಕ್ಕಳು. ಎಡಗೈಯಿಂದ ಇನ್ನೊಂದು ಬಟ್ಟೆ ಎತ್ತಿಕೊಂಡಳು. "ಒಂದು ಸಲ ಹಿಡಿದ್ರೆ ಮುಗೀತು ನೋಡು. ಮೊದಲನೇ ಸಲ ಪ್ರೀತಿಗೆ ಹಿಡಿದೆ. ಆಮೇಲೆ ಹಿಡಿಯೋಳು ಅಂತಾನೇ ಆದೆ."

ಭಾನುವಾರ ಬಂತು. ಮೇಜಿನ ಮೇಲೆ ಹೊಸ ಬಟ್ಟೆ ಹಾಸಿತ್ತು. ಊಟವಾದ ಮೇಲೆ ದಿನಾಂಕ ಗೊತ್ತುಮಾಡುವುದು ಎಂದು ಅಪ್ಪ ಬೆಳಗಿನಿಂದಲೂ ಸಾರುತ್ತಿದ್ದರು. ಅವನು ತನ್ನ ಹೊಸ ಪಾತ್ರೆಯನ್ನೇ ಹೊತ್ತು ತಂದಿದ್ದ, ಸೇನೆಯೊಂದಿಗೆ ಬಂದ ಮಿತ್ರರಾಜನ ಹಾಗೆ. ಅದು ನಿಜಕ್ಕೂ ದೊಡ್ಡದಿತ್ತು. ಅದನ್ನು ತುಂಬುವಷ್ಟರಲ್ಲಿ ನಲ್ಲಿಯೇ ಸುಸ್ತಾಯಿತು.

ಅಮ್ಮ ಪಟ್ಟಿ ಕಟ್ಟಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಅಡುಗೆಮನೆಯ ಸ್ಟೂಲಿನ ಮೇಲೆ ಕೂತಿದ್ದಳು. ಮಗಳು ಪಕ್ಕದಲ್ಲಿ ಗೋಡೆಗೆ ಒರಗಿ ನಿಂತಿದ್ದಳು. ಗಂಡಸರಿಬ್ಬರೂ ಒಂದೊಂದು ಎಳೆ ಎತ್ತಿ ಊದಿದರು, ಕಚ್ಚಿದರು, ಚಾವಣಿ ನೋಡಿದರು.

"ಇನ್ನೊಂಚೂರು" ಎಂದ ಅವನು.

"ಇನ್ನೊಂಚೂರು" ಎಂದರು ಅಪ್ಪ.

ಮತ್ತೆ ಕಚ್ಚಿದರು. ಒಬ್ಬರ ಮುಖ ಒಬ್ಬರು ನೋಡಿ ಒಟ್ಟಿಗೇ ತಲೆಯಾಡಿಸಿದರು. ಆಗ ಅಪ್ಪ ಎಂದೂ ಮಾಡದ ಕೆಲಸ ಮಾಡಿದರು. ಪಾತ್ರೆಯ ಕಿವಿ ಹಿಡಿಯುವ ದಪ್ಪ ಬಟ್ಟೆಗಳನ್ನು ತಮ್ಮ ಹೆಗಲಿನಿಂದ ತೆಗೆದು ಅವನ ಹೆಗಲಿಗೆ ಹಾಕಿದರು.

"ಇವತ್ತಿಂದ ನೀನು ಬಗ್ಗಿಸಪ್ಪ."

"ಮಾವ..." ಎಂದ ಅವನು. ಪಟ್ಟಾಭಿಷೇಕಕ್ಕೆ ವಾದ್ಯವೊಂದೇ ಕಡಿಮೆ. ಬಟ್ಟೆ ಸುತ್ತಿ, ಉಸಿರು ಬಿಗಿಹಿಡಿದು, ಆ ಕೊಪ್ಪರಿಗೆಯನ್ನು ಒಲೆಯಿಂದ ಎತ್ತಿ ಸಿಂಕಿನ ಕಡೆ ತಿರುಗಿದ. ಎತ್ತಿದ ಪಾತ್ರೆ ಮತ್ತೆ ಒಲೆಗೆ ಹೋಗಬಾರದು, ಅದೂ ಶಾಸ್ತ್ರದಲ್ಲಿತ್ತು.

"ಬುಟ್ಟಿ!" ಎಂದ.

ಅದೇ ದನಿ. ಅದೇ ಗತ್ತು. ಕಣ್ಣು ಮುಚ್ಚಿ ಕೇಳಿದ್ದರೆ ಯಾರು ಕೂಗಿದ್ದೆಂದು ಹೇಳಲಾಗುತ್ತಿರಲಿಲ್ಲ. ಅಮ್ಮನ ಮೈ ತಾನಾಗಿ ಸ್ಟೂಲಿನಿಂದ ಏಳಹೊರಟಿತು. ಮಗಳು ಅವಳ ಹೆಗಲ ಮೇಲೆ ಕೈಯಿಟ್ಟು ಒತ್ತಿ ಕೂರಿಸಿದಳು.

"ಹೌದಲ್ಲ, ನಿನಗೆ ಕೈ ನೋವು" ಎಂದರು ಅಪ್ಪ, ಆಗಷ್ಟೇ ಪೇಪರಿನಲ್ಲಿ ಓದಿದವರ ಹಾಗೆ. "ಪುಟ್ಟಿ, ನೀನು ಹಿಡಿ. ಹೆಂಗಿದ್ರೂ ಇನ್ಮೇಲೆ ನೀನೇ ತಾನೇ?"

ಪುಟ್ಟಿ ಕದಲಲಿಲ್ಲ.

"ಬಾರೇ, ಬೇಗ" ಎಂದ ಅವನು. ಹಬೆ ಅವನ ಗಲ್ಲಕ್ಕೆ ಬಡಿಯುತ್ತಿತ್ತು. "ಭಾರ ಇದೆ."

"ನಿಂತಷ್ಟೂ ಮೆತ್ತಗಾಗ್ತಿದೆ!" ಅಪ್ಪ ಕಾಲು ಬದಲಿಸುತ್ತ ಕುಣಿದರು. "ಒಳಗಿನ ಜೀವ ಹೋಗ್ತಿದೆ! ಹಿಡಿಯೇ!"

"ಅಪ್ಪ, ನೀವೇ ಹಿಡೀರಿ. ಕೈ ಖಾಲಿ ಇದೆಯಲ್ಲ."

ಅಪ್ಪ ತಮ್ಮ ಎರಡು ಕೈಗಳನ್ನೂ ನೋಡಿಕೊಂಡರು. ಅವು ಅಲ್ಲಿರುವುದು ಅವರಿಗೆ ಹೊಸ ಸುದ್ದಿಯಾಗಿತ್ತು. ಆಮೇಲೆ ಅವನ್ನು ಬೆನ್ನ ಹಿಂದೆ ಕಟ್ಟಿಕೊಂಡರು. "ನಾನಾ? ನಾನು ನೋಡ್ಬೇಕಲ್ಲ!"

ಅವನ ತೋಳು ನಡುಗತೊಡಗಿತ್ತು. ಪಾತ್ರೆಯ ಅಂಚಿನಿಂದ ಒಂದು ಧಾರೆ ಚೆಲ್ಲಿ ಅವನ ಕಾಲ ಬಳಿ ನೆಲಕ್ಕೆ ಬಿತ್ತು. ಅಮ್ಮ ಇತ್ತ ಮಗಳ ಮುಖವನ್ನೇ ನೋಡುತ್ತಿದ್ದಳು, ರೆಪ್ಪೆ ಬಡಿಯದೆ, ತೇರ್ಗಡೆಯ ಫಲಿತಾಂಶ ಕಾಯುವವರ ಹಾಗೆ. ಫಲಿತಾಂಶ ಮಗಳದೋ ತನ್ನದೋ ಎಂಬುದು ಅವಳಿಗೂ ತಿಳಿದಂತಿರಲಿಲ್ಲ.

"ಪ್ಲೀಸ್ ಕಣೇ" ಎಂದ ಅವನು. ದನಿಯಲ್ಲಿ ಗತ್ತು ಇಳಿದು, ಮೆಟ್ಟಿಲ ಮೇಲಿನ ಹುಡುಗ ಒಂದು ಗಳಿಗೆ ಇಣುಕಿದ. "ನಂಗೋಸ್ಕರ. ಒಂದೇ ಒಂದು ಸಲ. ಇದೊಂದು ಸಲ ಹಿಡಿ ಸಾಕು."

ಅವಳು ಆ ಹುಡುಗನನ್ನು ಚೆನ್ನಾಗಿ ನೋಡಿದಳು. ಇಷ್ಟವಾಗಿಯೇ ನೋಡಿದಳು.

"ಹಿಡಿಯಲ್ಲ" ಎಂದಳು. "ಇವತ್ತೂ ಹಿಡಿಯಲ್ಲ, ನಿನ್ನ ಮನೆಗೆ ಬಂದ್ರೆ ಅಲ್ಲೂ ಹಿಡಿಯಲ್ಲ."